ನೀಲಿ ಕೂದಲಿನ ಹುಡುಗಿಯೂ ನನ್ನ ದೊಡ್ಡ ಟಿವಿಯೂ

ಅಂಗಡಿ ಬಾಗಿಲು ತೆಗೆದು ಕೂತವನಿಗೆ ಬೆರಗು ಹುಡುಕಿಕೊಂಡು ಹೋಗುವ ಕೆಲಸವಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ. ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಫ್ಯಾನು, ಮಿಕ್ಸಿ, ಟಿವಿ ಮಾರಿಕೊಂಡೇ ತಲೆ ನರೆಸಿಕೊಂಡವನು ನಾನು. ಇನ್ನು ನನ್ನನ್ನು ದಂಗುಬಡಿಸುವಂಥದ್ದು ಏನೂ ಉಳಿದಿಲ್ಲ ಅಂದುಕೊಂಡಿದ್ದೆ. ಆಗ ಬಂತು ಈ ಗಾಡಿ ಆಟ.

ಆಟವನ್ನು ನಾನು ಬಯಸಿ ತಂದದ್ದಲ್ಲ. ಟಿವಿ ಕಂಪನಿಯ ಆಫೀಸರೊಬ್ಬ ಬಂದು, ಗೋಡೆಯಗಲದ ಒಂದು ಟಿವಿ ಇಳಿಸಿ, "ಸಾರ್, ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಸೇರಿ ಒಂದೇ ಏಜೆನ್ಸಿ. ಮೂರೂ ಊರಲ್ಲಿ ಇಂಥದೊಂದೊಂದು ಟಿವಿ ಇಟ್ಟಿದ್ದೀವಿ. ಯಾರು ಮೊದಲು ಮಾರ್ತಾರೋ ಏಜೆನ್ಸಿ ಅವರದು" ಅಂದ. ಅಜ್ಜಂಪುರದವನ ಭಯ ನನಗಿರಲಿಲ್ಲ. ಕಡೂರಿನ ಅಂಗಡಿ ಮಾತ್ರ ನನ್ನ ಷಡ್ಡಕನದು, ಅಂದರೆ ಹೆಂಡತಿಯ ತಂಗಿಯ ಗಂಡನದು. ಏಜೆನ್ಸಿ ಅವನ ಪಾಲಾದರೆ ವ್ಯಾಪಾರ ಹೋಗುವುದು ಒಂದು ಕಡೆ; ಇನ್ನು ಮುಂದೆ ಹಬ್ಬದ ಪಂಕ್ತಿಯಲ್ಲಿ ಅವನ ಪಕ್ಕದ ಎಲೆಗೆ ಕೂತು, ಅವನ ಉಪದೇಶ ಕೇಳಿಕೊಂಡು ಹೋಳಿಗೆ ನುಂಗಬೇಕಲ್ಲ, ಅದು ಇನ್ನೊಂದು ಕಡೆ.

"ಗಿರಾಕಿಗಳು ನಿಂತು ನೋಡ್ಲಿ ಅಂತ ಇದು" ಎಂದು ಆಫೀಸರು ಟಿವಿಗೆ ಆಟದ ಪೆಟ್ಟಿಗೆಯನ್ನೂ ಸಿಕ್ಕಿಸಿ ಹೋದ. ಜಪಾನಿ ಕಾರ್ಟೂನಿನ ಮಾದರಿಯ ಆಟ. ಅರ್ಧ ಮುಖವನ್ನು ಕಣ್ಣೇ ತುಂಬಿಕೊಂಡಿರುವ, ನೀಲಿ, ಗುಲಾಬಿ, ಹಸಿರು ಕೂದಲಿನ ಹುಡುಗ ಹುಡುಗಿಯರು ಮೊಣಕಾಲೆತ್ತರದ ಗಾಡಿ ಹತ್ತಿ ರೇಸು ಬಿಡುತ್ತಾರೆ. ದಾರಿಯಲ್ಲಿ ಸಿಗುವ ಡಬ್ಬಿ ಒಡೆದರೆ ಕಲ್ಲಂಗಡಿಯೋ ಬಾಂಬೋ ಕೈಗೆ ಬರುತ್ತದೆ. ಅದನ್ನು ಮುಂದಿರುವವನ ಬೆನ್ನಿಗೆ ಎಸೆಯಬೇಕು.

ಸರಕು ಯಾವುದೇ ಇರಲಿ, ತಿರುಗಿಸಿ ನೋಡದೆ ಬಿಡುವವನಲ್ಲ ನಾನು. ಬಣ್ಣ ಚೆನ್ನ. ಒಟ್ಟಿಗೆ ನಾಲ್ಕು ಜನ ಆಡಬಹುದು. ತಿರುವಿನಲ್ಲಿ ಗಾಡಿಯನ್ನು ಓರೆಯಾಗಿ ಜಾರಿಸಿದರೆ ಬಾಲಕ್ಕೆ ಕಿಡಿ ಹತ್ತಿ ಮುನ್ನುಗ್ಗುವುದಿದೆಯಲ್ಲ, ಅದಂತೂ ಬಲು ಸೊಗಸು. ದೋಷ ಅಂದರೆ ಪ್ರತಿ ರೇಸಿಗೂ ಮುಂಚೆ ಆ ಬೊಂಬೆಗಳು ಜಪಾನಿಯಲ್ಲಿ ಹರಟುತ್ತವೆ. ನಿಲ್ಲಿಸಲು ಗುಂಡಿಯೇ ಇಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹಿರಿಯರು ಮಾತು ಶುರುಮಾಡಿದ ಹಾಗೆ. ಉಳಿದ ಗುಣದೋಷಗಳನ್ನೆಲ್ಲ ನನ್ನ ಗಿರಾಕಿಗಳೇ ತೋರಿಸಿಕೊಟ್ಟರು.

ಹಾರ್ನ್ ಎಲ್ರೀ?

ಮೊದಲು ಸಿಕ್ಕಿದವರು ಪಂಚನಹಳ್ಳಿ ಕಡೆ ಓಡುವ ಪ್ರೈವೇಟ್ ಬಸ್ಸಿನ ಡ್ರೈವರ್. ಜೀವಮಾನದಲ್ಲಿ ಒಂದು ನಾಯಿಗೂ ಗಾಡಿ ತಾಗಿಸಿದವರಲ್ಲ. ಮಗಳಿಗೊಂದು ದೊಡ್ಡ ಟಿವಿ ಕೊಡಿಸುವ ಯೋಚನೆ ಇದೆ ಅಂದರು. ನಾನು ಕುರ್ಚಿ ಎಳೆದು, ಟೀ ತರಿಸಿ, ಆಟದ ಕಂಟ್ರೋಲರನ್ನು ಕೈಗಿಟ್ಟೆ.

ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಾರ್ನ್ ಎಲ್ರೀ?"

"ಹಾರ್ನ್ ಇಲ್ಲ."

"ಹಾರ್ನಿಲ್ದೆ ತಿರುವಲ್ಲಿ ಹೆಂಗ್ರೀ ಹೋಗೋದು? ಎದುರಿಂದ ಲಾರಿ ಬಂದ್ರೆ?"

"ಎದುರಿಂದ ಯಾರೂ ಬರಲ್ಲ. ಎಲ್ಲಾರೂ ಒಂದೇ ಕಡೆ ಹೋಗೋದು."

"ಇಷ್ಟಗಲ ರೋಡಿಗೆ ಒನ್ ವೇ ಮಾಡಿದ ಪುಣ್ಯಾತ್ಮ ಯಾರೋ" ಎಂದು ಗೊಣಗುತ್ತಲೇ ಹೊರಟರು.

ಎಡಗಡೆ ಅಂಚು ಬಿಟ್ಟು ಗಾಡಿ ಅಲ್ಲಾಡಲಿಲ್ಲ. ಹಿಂದಿನಿಂದ ನುಗ್ಗಿ ಬಂದ ಗುಲಾಬಿ ಕೂದಲಿನವನಿಗೆ, ಹಸಿರು ಕೂದಲಿನವನಿಗೆ ಎಲ್ಲ "ಹೋಗಪ್ಪಾ, ಹೋಗು, ಹುಷಾರು" ಎಂದು ಬಲಗೈ ಬೀಸಿ ಸೈಡು ಕೊಟ್ಟರು. ಅಲ್ಲಿಯವರೆಗೂ ಸಹಿಸಿದೆ. ಮುಂದೆ ರಸ್ತೆ ಪಕ್ಕ ಒಂದಿಷ್ಟು ಬೊಂಬೆಗಳು ಕೈ ಎತ್ತಿ ಕುಣಿಯುತ್ತಿದ್ದವು. ರೇಸು ನೋಡಲು ಬಂದ ಜನ. ಡ್ರೈವರು ಬ್ರೇಕ್ ಹಾಕಿ ಅವರ ಮುಂದೆ ಗಾಡಿ ನಿಲ್ಲಿಸಿಬಿಟ್ಟರು.

"ಯಾಕ್ರೀ ನಿಲ್ಸಿದ್ರಿ?"

"ಕೈ ತೋರಿಸ್ತಾವ್ರಲ್ರೀ."

"ಅವರು ಹತ್ತೋರಲ್ಲ ಕಣ್ರೀ, ನೋಡೋರು!"

"ಹತ್ತದೇ ಇರೋರು ಕೈ ಯಾಕ್ರೀ ತೋರಿಸ್ಬೇಕು?" ಎಂದು ಅವರು ನನ್ನ ಕಡೆ ತಿರುಗುವುದಕ್ಕೂ ಹಿಂದಿನಿಂದ ಬಾಂಬು ಬಂದು ಬೀಳುವುದಕ್ಕೂ ಸರಿಹೋಯಿತು. ಆ ಅಗಲದ ಪರದೆಯ ಮೇಲೆ, ಆ ಸದ್ದಿನೊಂದಿಗೆ, ಗಾಡಿ ಪಲ್ಟಿ ಹೊಡೆಯಿತು.

ಡ್ರೈವರು ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು. ನಾನು ಹೆದರಿ ನೀರು ಕೊಟ್ಟೆ. ಟಿವಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಗಿಲವರೆಗೆ ಹೋದವರು ತಿರುಗಿ ಬಂದು, ನನ್ನ ಎರಡೂ ಕೈ ಹಿಡಿದು ಮೆಲ್ಲಗೆ ಅಂದರು: "ಇದು ನಮ್ಮ ಓನರ್ ಕಿವಿಗೆ ಮಾತ್ರ ಬೀಳಬಾರ್ದು ಕಣ್ರೀ."

ತೋಟದ ಮೂಲೆ

ಮಿಕ್ಸಿಯ ಜಾರು ಬದಲಾಯಿಸಲು ಒಬ್ಬ ಅಜ್ಜಿ ಬಂದರು. ಹೆಬ್ಬೆ ಜಲಪಾತಕ್ಕೆ ಹೋಗುವ ದಾರಿಯ ಕಡೆಯವರು. ಹಣೆಯಗಲ ವಿಭೂತಿ, ಅನುಕೂಲಸ್ಥ ಮನೆತನ. ಇಂಥ ಮನೆಯಲ್ಲಿ ಅಜ್ಜಿ ಹೂಂ ಅಂದರೆ ಟಿವಿ ತಾನಾಗಿ ಬರುತ್ತದೆ ಅನ್ನುವುದು ನನಗೆ ಗೊತ್ತು.

ಅಜ್ಜಿ ಪರದೆ ನೋಡಿ ನಿಂತಲ್ಲೇ ನಿಂತರು. "ಲೇ, ಯಾರ ಮನೆ ಹುಡುಗಿಯೋ ಅದು? ಬಟ್ಟೆಗೆ ಹಾಕೋ ನೀಲೀನ ತಲೆಗೆ ಹಾಕ್ಕೊಂಡವಳೆ!"

"ಆಟ ಅಜ್ಜಿ. ನೀವೂ ಒಂದು ಕೈ ನೋಡಿ" ಎಂದು ಗುಂಡಿಗಳನ್ನು ತೋರಿಸಿಕೊಟ್ಟು ಪಕ್ಕದಲ್ಲಿ ಕೂತೆ. ನೀಲಿ ಕೂದಲಿನ ಹುಡುಗಿ ನನ್ನವಳು. ಊಟದ ಹೊತ್ತಿನಲ್ಲಿ ಶಟರ್ ಅರ್ಧ ಎಳೆದು ಅಭ್ಯಾಸ ಮಾಡುತ್ತಿದ್ದೆನಾದ್ದರಿಂದ ನಾನೇ ಎಲ್ಲರಿಗಿಂತ ಮುಂದೆ. ಒಂದು ಸುತ್ತು ಮುಗಿಸಿ ಸೇತುವೆಯ ತಿರುವಿಗೆ ಬಂದೆ. ಮುಖಕ್ಕೆ ಕಲ್ಲಂಗಡಿ ಬಿತ್ತು. ಸಾವರಿಸಿಕೊಂಡು ಇನ್ನೊಂದು ಸುತ್ತು ಬಂದೆ; ಅದೇ ತಿರುವು, ಬಾಂಬು. ನನಗೊಬ್ಬನಿಗಲ್ಲ, ಬಂದಬಂದವರಿಗೆಲ್ಲ ಬೀಳುತ್ತಿತ್ತು. ಏನಿದು ಅಂತ ಪರದೆಯಲ್ಲಿ ಅಜ್ಜಿಯ ಪಾಲಿನ ಭಾಗ ನೋಡಿದೆ. ಅಜ್ಜಿ ಗಾಡಿಯನ್ನು ಸೇತುವೆಗೆ ಅಡ್ಡ ನಿಲ್ಲಿಸಿಕೊಂಡು ಆರಾಮಾಗಿ ಕೂತಿದ್ದರು.

"ಅಜ್ಜೀ, ಮುಂದೆ ಹೋಗ್ಬೇಕು!"

"ನಾನ್ಯಾಕೋ ಹೋಗ್ಲಿ? ನೀವೆಲ್ಲಾ ಸುತ್ತು ಹೊಡ್ದು ಇಲ್ಲಿಗೇ ಬತ್ತೀರಲ್ಲ. ಮಂಗ ಕಾಯೋಳು ಮಂಗನ ಹಿಂದೆ ಓಡ್ತಾಳೇನೋ? ಕಲ್ಲು ಇಟ್ಕೊಂಡು ತೋಟದ ಮೂಲೇಲಿ ಕೂತಿರ್ತಾಳೆ."

ಆಟ ಮಾಡಿದವರು ಇದನ್ನು ಯೋಚಿಸಿಯೇ ಇಲ್ಲ. ನಿಂತಲ್ಲೇ ನಿಲ್ಲಬಾರದು ಅಂತ ಕಾನೂನಿಲ್ಲ. ಒಡೆದ ಡಬ್ಬಿಯ ಜಾಗದಲ್ಲೇ ಹೊಸ ಡಬ್ಬಿ ಹುಟ್ಟುತ್ತದೆ. ಸಾಲದ್ದಕ್ಕೆ, ಎಲ್ಲರಿಗಿಂತ ಹಿಂದೆ ಇದ್ದವರ ಕೈಗೇ ಎಲ್ಲರಿಗಿಂತ ದೊಡ್ಡ ಬಾಂಬು ಕೊಡುತ್ತದೆ. ಗಾಬರಿಯಾಗದೆ ಇನ್ನೇನು? ಅಜ್ಜಿ ನಮ್ಮನ್ನೆಲ್ಲ ಹಣ್ಣು ಮಾಡಿ ಬಿಟ್ಟರು.

ರೇಸು ಮುಗಿಯಿತು. ಸೋತ ಬೊಂಬೆ ಅಳುವುದು ಈ ಆಟದ ಪದ್ಧತಿ. ನನ್ನ ನೀಲಿ ಹುಡುಗಿ ನೆಲಕ್ಕೆ ಕೂತು ಗೊಳೋ ಅಂತ ಶುರುಮಾಡಿದಳು. ಒಂದೊಂದು ಹನಿ ತೆಂಗಿನಕಾಯಿ ಗಾತ್ರ. ಅಜ್ಜಿ ಬೆಚ್ಚಿಬಿದ್ದರು. "ಅಯ್ಯೋ ಶಿವನೇ, ಅಳ್ತಾವಳಲ್ಲೋ!"

ಇದೇ ಸಮಯ ಅಂತ ನಾನು, "ನೋಡಿ ಅಜ್ಜಿ, ಕಣ್ಣೀರು ಎಷ್ಟು ಕ್ಲಿಯರ್ ಆಗಿ ಕಾಣುತ್ತೆ! ಮನೇಲಿ ಇಂಥದೊಂದು ಇರ್ಬೇಕು" ಅಂದೆ.

ಅಜ್ಜಿ ಮಿಕ್ಸಿ ಜಾರು ಕಂಕುಳಿಗೆ ಸೇರಿಸಿಕೊಂಡರು. "ಮನೇಲಿ ಆಗ್ಲೇ ಇಬ್ಬರು ಸೊಸೇರು ಅಳ್ತಾವ್ರೆ ಕಣೋ. ಮೂರನೇದು ಯಾಕೆ?"

ಟವಲ್ಲಿನ ಕೆಳಗೆ

ಅಷ್ಟರಲ್ಲಿ ನಾದಿನಿ ನನ್ನ ಹೆಂಡತಿಗೆ ಫೋನು ಮಾಡಿ, ಕಡೂರಿನ ಅಂಗಡಿಯಲ್ಲಿ ಯಾರೋ ಕೊಬ್ಬರಿ ಸಾಹುಕಾರರು ಆ ದೊಡ್ಡ ಟಿವಿ ಕೊಳ್ಳಲು ಗಟ್ಟಿಯಾಗುತ್ತಿದ್ದಾರೆ ಎಂದು ಸುದ್ದಿ ಬಿಟ್ಟಳು. ನನಗೆ ಅನ್ನ ರುಚಿಸಲಿಲ್ಲ. ಮಾರನೆಯ ದಿನ ಅಜ್ಜಂಪುರದಿಂದ ದನದ ದಲ್ಲಾಳಿಯೊಬ್ಬ ಬಂದಾಗ ದೇವರೇ ಕಳಿಸಿದ ಹಾಗಾಯಿತು. ಟಿವಿ ಕೊಳ್ಳುವ ಶಕ್ತಿ ಇದ್ದವನು.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವಲ್ಲು ಮುಚ್ಚಿ, ಒಳಗೆ ಬೆರಳು ಒತ್ತಿ ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ಈತ ಕಂಟ್ರೋಲರ್ ಇಸಕೊಂಡವನೇ ಹೆಗಲ ಟವಲ್ಲು ತೆಗೆದು ಅದರ ಮೇಲೆ ಮುಚ್ಚಿಬಿಟ್ಟ.

"ಇದ್ಯಾಕಪ್ಪಾ?"

"ನಾನು ಏನು ಒತ್ತೀನಿ ಅಂತ ನಿಮಗ್ಯಾಕೆ ಗೊತ್ತಾಗ್ಬೇಕು?"

ರೇಸು ಶುರುವಾಯಿತು. ಅವನ ಗಾಡಿ ತಿರುವುಗಳಲ್ಲಿ ತಿರುಗುತ್ತಿದೆ, ಹಳ್ಳದ ಅಂಚಿಗೆ ಬಂದು ಸರಕ್ಕನೆ ವಾಪಸಾಗುತ್ತಿದೆ, ಎಲ್ಲೂ ತಾಗುತ್ತಿಲ್ಲ. ಮುಖದಲ್ಲಿ ಬೆವರಿಲ್ಲ. ಟವಲ್ಲಿನ ಕೆಳಗೆ ಬೆರಳು ಮಾತ್ರ ಬಿಡುವಿಲ್ಲದೆ ಆಡುತ್ತಿವೆ. ಇಷ್ಟು ದಿನ ಅಭ್ಯಾಸ ಮಾಡಿದ ನಾನು ಏದುಸಿರು ಬಿಡುತ್ತ ಅವನ ಹಿಂದೆ. ರೇಸು ಮುಗಿದಾಗ ನನಗಿಂತ ಒಂದು ಸ್ಥಾನ ಮುಂದಿದ್ದ. ತಡೆಯಲಾರದೆ ಟವಲ್ಲು ಎತ್ತಿದೆ.

ಕಂಟ್ರೋಲರ್ ತೊಡೆಯ ಪಕ್ಕ ಬಿದ್ದಿತ್ತು. ಕೈಯಲ್ಲಿ ವೀಳ್ಯದೆಲೆ, ಸುಣ್ಣ ಹಚ್ಚುವುದು ಮುಗಿದಿತ್ತು.

ಹೊಸಬರಿಗೆ ಅನುಕೂಲವಾಗಲಿ ಅಂತ ಗಾಡಿ ತಾನಾಗಿ ಓಡುವ ಒಂದು ಏರ್ಪಾಡು ಆಟದಲ್ಲಿದೆ. ಅವನ ಕಡೆ ಅದು ಆನ್ ಆಗಿತ್ತು. ಕಲಿತು ಆಡಿದವನಿಗಿಂತ ಎಲೆ ಮಡಿಸಿದವನು ಮುಂದೆ ಬರುವ ಆಟಕ್ಕೆ ಏನು ಹೇಳೋಣ?

"ಒಂದೂ ಒತ್ತಲಿಲ್ಲವೇನಯ್ಯಾ?"

"ದಾರಿ ಗೊತ್ತಿರೋ ಎತ್ತಿಗೆ ಹಗ್ಗ ಎಳೆದು ಯಾಕೆ ಹಿಂಸೆ ಕೊಡ್ಲಿ?" ಎಂದು ಎಲೆ ಬಾಯಿಗಿಟ್ಟುಕೊಂಡ. ಆಮೇಲೆ ನನ್ನ ಕೈ ಎಳೆದುಕೊಂಡು, ಮೇಲೆ ಟವಲ್ಲು ಮುಚ್ಚಿ, ಗುಟ್ಟಾಗಿ ಬೆರಳು ಒತ್ತಿದ. ನನ್ನ ಜೀವ ಹಿಗ್ಗಿತು. "ಟಿವಿಗಾ?"

"ಟಿವಿ ಯಾರಿಗೆ ಬೇಕು? ಆ ಗಾಡಿ ಮಾತ್ರ ಬಿಡಿಸಿ ಕೊಡ್ತೀರಾ?"

ನೀವು ಮುಂದೆ ಹೋಗಿ

ಕಡೂರಿನ ಅಂಗಡಿಯಲ್ಲಿ ಗಟ್ಟಿಯಾಗುತ್ತಿದ್ದಾರೆಂದು ನಾದಿನಿ ಹೇಳಿದ್ದ ಆ ಕೊಬ್ಬರಿ ಸಾಹುಕಾರರೇ ಒಂದು ದಿನ ಹೆಂಡತಿಯೊಂದಿಗೆ ನನ್ನ ಅಂಗಡಿಗೆ ಬಂದಿಳಿದರು. ಷಡ್ಡಕ ರೇಟು ಇಳಿಸಲಿಲ್ಲವಂತೆ. ಇಲ್ಲಿ ಹೊಂದದಿದ್ದರೆ ಸಂಜೆಗೇ ವಾಪಸು ಹೋಗಿ ಅಲ್ಲೇ ತಗೊಳ್ಳುತ್ತೇವೆ ಅಂದರು. ಅಂದರೆ ಏಜೆನ್ಸಿ ಆ ಹೊತ್ತು ನನ್ನ ಅಂಗಡಿಯ ಕುರ್ಚಿಯ ಮೇಲೆ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿತ್ತು.

ಅವರು ಒಂದು ರೇಟು ಹೇಳಿ ಕೂತರು. ನಾನು ಒಂದು ಹೇಳಿ ಕೂತೆ. ಎರಡು ಸಲ ಟೀ ಆಯಿತು. ಅವರೂ ಜಗ್ಗಲಿಲ್ಲ, ನಾನೂ ಜಗ್ಗಲಿಲ್ಲ. ಸಾಹುಕಾರರು ಪರದೆ ಕಡೆ ನೋಡಿ, "ಈ ಆಟ ಕಡೂರಲ್ಲೂ ಐತೆ, ನಾನೂ ಆಡಿವ್ನಿ. ಇದ್ರಲ್ಲೇ ತೀರ್ಮಾನ ಆಗ್ಲಿ. ಗೆದ್ದೋರು ಹೇಳಿದ್ದೇ ರೇಟು, ಎರಡು ಮಾತಿಲ್ಲ" ಅಂದರು. ತಾನಾಗಿ ಓಡುವ ಏರ್ಪಾಡನ್ನು ಎರಡೂ ಕಡೆ ಆಫ್ ಮಾಡಿ ಕೂತೆ.

ಮನುಷ್ಯ ಪಳಗಿದ್ದ. ಕೊನೆಯ ಸುತ್ತಿನಲ್ಲಿ ನಾವಿಬ್ಬರೇ ಮುಂದೆ, ಜೊತೆಜೊತೆಗೆ. ಗೆಲುವಿನ ಕಮಾನು ಎದುರಿಗೇ ಕಾಣುತ್ತಿದೆ. ನನ್ನ ಕೈಲಿ ಒಂದು ಕಲ್ಲಂಗಡಿ, ಅವರ ಕೈಲೂ ಒಂದು. ಈ ಆಟದ ದೊಡ್ಡ ದೋಷ ಆಗ ಹೊಳೆಯಿತು: ಇಲ್ಲಿ ಮುಂದೆ ಹೋದವನಿಗೇ ಪೆಟ್ಟು. ನಾನು ಬ್ರೇಕ್ ಹಾಕಿದೆ. ಪಕ್ಕ ನೋಡಿದರೆ ಅವರೂ ಹಾಕಿದ್ದಾರೆ.

"ನಡೀರಿ ಸಾಹುಕಾರ್ರೇ, ನೀವು ಮುಂದೆ."

"ಛೆ ಛೆ, ಅಂಗಡಿ ನಿಮ್ದು. ನೀವು ಮುಂದೆ ಹೋಗಿ."

"ಗಿರಾಕಿಗಿಂತ ಮುಂದೆ ಹೋಗೋದುಂಟೇ?"

"ವಯಸ್ಸಲ್ಲಿ ಹಿರೀರು ನೀವು."

ಬೆಲೆಯ ಮಾತಿನಲ್ಲಿ ಮೊದಲು ಬಾಯಿ ಬಿಟ್ಟವನು ಕೆಟ್ಟ ಅಂತ ಇಬ್ಬರಿಗೂ ರಕ್ತದಲ್ಲೇ ಗೊತ್ತು. ಉಳಿದ ಗಾಡಿಗಳೆಲ್ಲ ನಮ್ಮನ್ನು ದಾಟಿ, ಕಮಾನು ದಾಟಿ, ಕುಣಿದು ಮುಗಿಸಿದವು. ನಾವು ಅಲ್ಲೇ. ಅವರ ಹೆಬ್ಬೆರಳ ಮೇಲೆ ನನ್ನ ಕಣ್ಣು, ನನ್ನ ಹೆಬ್ಬೆರಳ ಮೇಲೆ ಅವರ ಕಣ್ಣು. ಬಾಗಿಲಲ್ಲಿ ಬಸ್ ಸ್ಟ್ಯಾಂಡಿನ ಜನ ತುಂಬಿಕೊಂಡರು. ಒಬ್ಬ ಕಂಡಕ್ಟರು, "ಏನ್ರಣ್ಣ, ಇಬ್ಬರಿಗೂ ಡೀಸೆಲ್ ಖಾಲಿನಾ?" ಅಂದ. ಅತ್ತ ಅವನ ಬಸ್ಸು ಅವನಿಗಾಗಿ ಹಾರ್ನ್ ಹೊಡೆಯುತ್ತಿತ್ತು, ಅವನೂ ಅಲ್ಲಾಡಲಿಲ್ಲ.

ಸಾಹುಕಾರರ ಹೆಂಡತಿ ಅಷ್ಟು ಹೊತ್ತೂ ಮಾತಿಲ್ಲದೆ ಕೂತಿದ್ದವರು ಎದ್ದು ಬಂದು, ನನ್ನ ಪಕ್ಕ ನಿಂತು, ಮೆತ್ತಗೆ ಕೇಳಿದರು: "ಅದಿರ್ಲಿ ಅಣ್ಣಾ, ನಿಜವಾಗ್ಲೂ ನಿಮಗೆ ಗಿಟ್ಟೋ ಕೊನೇ ರೇಟು ಎಷ್ಟು?"

ಹೇಳಿಬಿಟ್ಟೆ.

ಕಣ್ಣು ಹೆಬ್ಬೆರಳ ಮೇಲಿತ್ತು, ಬಾಯಿ ಕಾಯಲು ಯಾರೂ ಇರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಹೇಳದ ರೇಟು, ಇಡೀ ಬಸ್ ಸ್ಟ್ಯಾಂಡಿನ ಎದುರು ಹೊರಗೆ ಬಿತ್ತು. ಬಾಗಿಲಲ್ಲಿದ್ದ ಜನ "ಆಂ!" ಅಂದರು. ನನ್ನ ಬಾಯಿಂದಲೇ ಬಂತೇ ಅಂತ ದಿಗಿಲುಬಿದ್ದು ನಾನು ಆ ಯಮ್ಮನ ಕಡೆ ತಿರುಗಿದೆ. ತಿರುಗುವ ಭರದಲ್ಲಿ ಹೆಬ್ಬೆರಳು ಒತ್ತಿಹೋಗಿ ನನ್ನ ಗಾಡಿ ಒಂದು ಮೊಳ ಮುಂದೆ ಸರಿಯಿತು. ಅಷ್ಟು ಸಾಕಾಯಿತು. ಬೆನ್ನಿಗೆ ಕಲ್ಲಂಗಡಿ ಬಿತ್ತು, ಸಾಹುಕಾರರ ಗಾಡಿ ಕಮಾನು ದಾಟಿತು.

"ಗೆದ್ದೆ!" ಎಂದು ಅವರು ಕುರ್ಚಿಯಿಂದ ಎಗರಿದರು. ನನ್ನ ಹೆಬ್ಬೆರಳು ನೋಡುವ ಭರದಲ್ಲಿ ಅವರ ಕಿವಿಗೆ ಏನೂ ಬಿದ್ದಿರಲಿಲ್ಲ. "ಗೆದ್ದೋರು ಹೇಳಿದ್ದೇ ರೇಟು! ನಾನು ಆಗ್ಲೇ ಹೇಳಿದ್ನಲ್ಲ, ಅದೇ! ಒಂದು ಪೈಸೆ ಮೇಲೆ ಕೊಡಲ್ಲ!"

ಅವರ ರೇಟು ನಾನು ಬಾಯಿ ಬಿಟ್ಟದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ನಾನು ಗೆದ್ದಿದ್ದರೆ, ಎಲ್ಲರೆದುರು ಬಾಯಿ ಬಿಟ್ಟ ಆ ರೇಟಿಗೇ ಟಿವಿ ಕೊಡಬೇಕಾಗುತ್ತಿತ್ತು.

ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗಂಡನನ್ನೇ ನೋಡುತ್ತಿದ್ದರು. ನಾನು ಕಂಟ್ರೋಲರ್ ಕೆಳಗಿಟ್ಟು, ಸೋತವನಿಗೆ ಇರಬೇಕಾದಷ್ಟು ಮುಖ ಬಾಡಿಸಿಕೊಂಡು, "ಆಯ್ತು ಸಾಹುಕಾರ್ರೇ. ಮಾತು ಅಂದ್ರೆ ಮಾತು. ನೀವು ಹೇಳಿದ್ದೇ ರೇಟು, ಎರಡು ಮಾತಿಲ್ಲ" ಎಂದು ಬಿಲ್ಲು ಬರೆದುಬಿಟ್ಟೆ. ಟಿವಿ ಹೋಯಿತು, ಏಜೆನ್ಸಿ ತರೀಕೆರೆಗೆ ಬಂತು.

ಟಿವಿ ಗಾಡಿಗೆ ಏರುತ್ತಿರುವಾಗ ಸಾಹುಕಾರರು ಮೀಸೆ ತೀಡಿಕೊಳ್ಳುತ್ತ ನಿಂತಿದ್ದರು. ಆ ಯಮ್ಮ ಹತ್ತಿರ ಹೋಗಿ, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವ ಹಾಗೆ ಅಂದರು: "ಒಂದೇ ಒಂದು ಸಲ ಸೋತಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?"