೧೯೨೮ರ ಕೊಬ್ಬರಿ ಪುಡಿ

ಹಾಗಲವಾಡಿಯ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ವಸಂತನರಸಾಪುರದ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಹಸಿರು ಅಕ್ಷರದ ಹಳೆಯ ಕಂಪ್ಯೂಟರನ್ನು ನೋಡಿಕೊಳ್ಳುವವನೂ ನಾನೇ. ಅದರ ಭಾಷೆ ಆರ್‌ಪಿಜಿ. ಈಗಿನ ಹುಡುಗರಿಗೆ ಹೇಳಿದರೆ ಯಾವುದೋ ಮೊಬೈಲ್ ಆಟ ಅಂದುಕೊಳ್ಳುತ್ತಾರೆ.

ಪುಡಿ ಪ್ಯಾಕ್ ಆದ ಸಮಯವನ್ನು ಆ ಯಂತ್ರ ತನ್ನ ಇಂಡೆಕ್ಸ್ ಎಂಬ ಪಟ್ಟಿಯಲ್ಲಿ, ಸಾಲು ಮನೆಗಳಲ್ಲಿ ತುಂಬಿದಂತೆ, ಬರೆದಿಟ್ಟುಕೊಳ್ಳುತ್ತದೆ. ಲಾರಿಗೆ ತುಂಬುವಾಗ ನನ್ನ ಪ್ರೋಗ್ರಾಂ ಅದನ್ನು ಹುಡುಕಿ ತೆಗೆದು ಲೇಬಲ್ ಮೇಲೆ ಅಚ್ಚು ಹಾಕುತ್ತದೆ. ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಮುಂದಿನ ತಿಂಗಳು ಹೊಸ ಕಂಪ್ಯೂಟರ್ ಬರುತ್ತದೆ, ಹಳೆಯದಕ್ಕೆ ವಿಶ್ರಾಂತಿ ಎಂದು ಆದೇಶವಾಯಿತು. ಕಳಿಸಿಕೊಡುವ ಮುಂಚೆ ಪ್ರೋಗ್ರಾಮನ್ನು ಮದುಮಗಳಂತೆ ಸಿಂಗರಿಸೋಣ, ನೋಡಿದವರು 'ಯಾರಪ್ಪಾ ಬರೆದದ್ದು!' ಅನ್ನಬೇಕು ಎಂದುಕೊಂಡು ಮೊನ್ನೆ ಬೆಳಿಗ್ಗೆ ಕೂತೆ. ಒಂದು ಕಡೆ, ಸಮಯ ಇರುವ ಜಾಗದ ಸಂಖ್ಯೆಗೆ ಸುಮ್ಮನೆ ಒಂದನ್ನು ಕೂಡಿಸಿದ್ದೆ. ಯಾಕೆಂದು ಬರೆದಿರಲಿಲ್ಲ. ಚಿಕ್ಕ ವಯಸ್ಸಿನ ಅವಿವೇಕ ಎಂದು ನಕ್ಕು ಅಳಿಸಿಬಿಟ್ಟೆ.

ಅರ್ಧ ಗಂಟೆಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಮಂಜುಳಮ್ಮ ಲೇಬಲ್ ಹಿಡಿದು ಓಡಿ ಬಂದರು.

"ಸಾರ್, ಈ ಪುಡಿ ಸಾವಿರದ ಒಂಬೈನೂರ ಇಪ್ಪತ್ತೆಂಟ್ರಲ್ಲಿ ಪ್ಯಾಕ್ ಆಗೈತಂತೆ!"

"ಕರೆಂಟ್ ಏರುಪೇರು," ಎಂದು ಗಂಭೀರವಾಗಿ ಘೋಷಿಸಿದೆ.

"ನಾಲ್ಕು ಗಂಟೆಯೊಳ್ಗೆ ಲಾರಿ ಗೇಟ್ ದಾಟ್ಬೇಕು. ಇಲ್ಲಾಂದ್ರೆ ಫಾರಿನ್‌ಗೆ ಹೋಗೋ ಹಡಗು ತಪ್ಪೋಗ್ತದೆ, ಆರ್ಡರ್ರೇ ಕ್ಯಾನ್ಸಲ್!"

ಯಂತ್ರ ಆರಿಸಿ ಹಚ್ಚಿದೆ. ೧೯೨೮. ಗಡಿಯಾರದ್ದೇ ದೋಷ, ಲಂಡನ್ ಸಮಯಕ್ಕೆ ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ ಅದನ್ನು ಐದೂವರೆ ಗಂಟೆ ಮುಂದಕ್ಕೆ ತಳ್ಳಿದೆ. ಕಾರ್ಖಾನೆಯ ಸೈರನ್ ಕೂಡ ಅದೇ ಗಡಿಯಾರವನ್ನು ನಂಬಿತ್ತು. ಊಟದ ಹೊತ್ತಿಗೇ ಶಿಫ್ಟ್ ಮುಗಿಯಿತೆಂದು ಕೂಗಿತು. ಅರ್ಧ ಜನ ಬಸ್ ಹತ್ತಿದರು! ಲೇಬಲ್ ಮಾತ್ರ ೧೯೨೮ ಬಿಟ್ಟು ಕದಲಲಿಲ್ಲ.

ಲಾರಿ ಡ್ರೈವರ್ ನಂಜಣ್ಣ ಬಾಗಿಲಲ್ಲಿ ನಿಂತ. "ಸಾ, ನಮ್ಮಪ್ಪನೂ ಆಗ ಹುಟ್ಟಿರ್ಲಿಲ್ಲ. ಈ ಪುಡಿ ನಾನ್ ತಗಂಡೋಗಕ್ಕಿಲ್ಲ!"

ಕೊನೆಯ ಅಸ್ತ್ರವಾಗಿ, '೧೯೨೮ ಬಂದರೆ ಇವತ್ತಿನ ತಾರೀಕು ಹಾಕು' ಎಂದು ಬರೆದೆ.

"ಹಂಗಾದ್ರೆ ಹಳೇ ಪುಡಿಗೂ ಇವತ್ತಿನ ತಾರೀಕು ಬೀಳ್ತದಲ್ಲ ಸಾರ್. ತಿಂದೋರ ಗತಿ?" ಎಂದರು ಮಂಜುಳಮ್ಮ. ಮುಖ ಕೆಂಪಾಯಿತು. ಅದನ್ನೂ ಅಳಿಸಿದೆ.

ಗಂಟೆ ಎರಡೂವರೆ. ಗಾಳಿಗೆಂದು ಅಂಗಳಕ್ಕೆ ಬಂದೆ. ಗುಬ್ಬಿಯಿಂದ ಬಂದ ತೆಂಗಿನಕಾಯಿಯನ್ನು ಮುದುಕನೊಬ್ಬ ಎಣಿಸಿ ಎಸೆಯುತ್ತಿದ್ದ. "ಲಾಭ... ಎರಡು... ಮೂರು..."

ನನ್ನಪ್ಪನೂ ಗುಬ್ಬಿಯ ಮಂಡಿಯಲ್ಲಿ ಹೀಗೇ ಎಣಿಸುತ್ತಿದ್ದ. ಅಕ್ಷರ ಬಾರದು, ಲೆಕ್ಕದಲ್ಲಿ ಒಂದು ಕಾಯಿಯೂ ತಪ್ಪದು. ಒಂದನೇ ಕ್ಲಾಸಿನ ಪಂಡಿತನಾಗಿದ್ದ ನಾನು, "ಅಪ್ಪಾ, ಒಂದು ಎಲ್ಲಿ?" ಎಂದು ತಕರಾರು ತೆಗೆದಿದ್ದೆ. ಟವೆಲ್ಲಿನಲ್ಲಿ ಬೆವರು ಒರೆಸಿಕೊಂಡು ಅಪ್ಪ ಅಂದಿದ್ದ: "ಮೊದಲ್ನೇದ್ಕೆ ನಾವು ಲಾಭ ಅಂತೀವಿ, ನಿಮ್ ಮೇಷ್ಟ್ರು ಒಂದು ಅಂತಾರೆ. ಹೆಸ್ರು ಬ್ಯಾರೆ, ಕಾಯಿ ಅದೇ ಕಣ್ಲಾ."

ನಿಂತಲ್ಲೇ ನಿಂತೆ. ಯಂತ್ರ ತನ್ನ ಮೊದಲ ಜಾಗಕ್ಕೆ ಸೊನ್ನೆ ಅನ್ನುತ್ತದೆ. ಆರ್‌ಪಿಜಿ ಅದೇ ಜಾಗಕ್ಕೆ ಒಂದು ಅನ್ನುತ್ತದೆ. ಅದಕ್ಕೇ ಅಲ್ಲವೇ ಆ ಒಂದನ್ನು ಕೂಡಿಸಿದ್ದು! ಅದನ್ನು ಅಳಿಸಿದ ಮೇಲೆ ಪ್ರೋಗ್ರಾಂ ಒಂದು ಮನೆ ಹಿಂದಿನಿಂದ ಓದುತ್ತಿತ್ತು. ಆ ಮನೆ ಖಾಲಿ. ಸಮಯದ ಮುಂದೆ ಖಾಲಿ ಸೇರಿದರೆ ಸಂಖ್ಯೆ ತೀರಾ ಚಿಕ್ಕದಾಗಿ, ಈ ಯಂತ್ರ ಕಾಲ ಎಣಿಸಲು ಶುರುಮಾಡುವ ವರ್ಷಕ್ಕೇ ತಾರೀಕು ಜಾರುತ್ತದೆ. ಆ ವರ್ಷವೇ ೧೯೨೮.

ಓಡಿ ಹೋಗಿ ಗಡಿಯಾರ ಸರಿಮಾಡಿ, ಒಂದನ್ನು ಕೂಡಿಸಿದೆ. ಇವತ್ತಿನ ತಾರೀಕು ಬಂತು! ಅಂಟಿಸಲು ಸಾಕಷ್ಟು ಜನರಿರಲಿಲ್ಲ, ಅರ್ಧ ಜನರನ್ನು ನಾನೇ ಮನೆಗೆ ಕಳಿಸಿದ್ದೆನಲ್ಲ. ಡಿಗ್ರಿ ಪಡೆದ ಕೈಯಿಂದಲೇ ಲೇಬಲ್ ಅಂಟಿಸಿದೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಲಾರಿ ಗೇಟು ದಾಟಿತು.

ಮಂಜುಳಮ್ಮ ಕೈ ಮುಗಿದರು. "ನೀವಿಲ್ದಿದ್ರೆ ಇವತ್ತು ಏನಾಗ್ತಿತ್ತೋ ಸಾರ್!"

ನಾನು ಗಂಭೀರವಾಗಿ ತಲೆಯಾಡಿಸಿದೆ. ಏನಾಗುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಲಾರಿ ಬೆಳಿಗ್ಗೆ ಹತ್ತಕ್ಕೇ ಹೋಗಿರುತ್ತಿತ್ತು!