ಊಟಿ ಗಿಡಕ್ಕೆ ಬಿದ್ದ ಹುಳ

ಹುಳವೇ ಇಲ್ಲದ ಗಿಡಕ್ಕೆ ಎರಡು ಬೇಸಿಗೆ ಹುಳದ ಔಷಧಿ ಹೊಡೆದ ಮಹಾನುಭಾವನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಷ್ಟೇ ಏಕೆ, ಆತ ನನ್ನ ಗಂಡನಾಗಬೇಕಿತ್ತು!

ನನ್ನ ಅವ್ವನ ಖಾಸಾ ತಮ್ಮ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕೊಟ್ಟೂರಿನ ಮನೆಗಳಲ್ಲಿ ಹೊಸದೇನಲ್ಲ. ಅವ್ವ ಮದುವೆಗೆಂದು ಇಳಕಲ್ ಸೀರೆಯನ್ನೂ ತಂದಿಟ್ಟಿದ್ದಳು. ಮಾವ ಲಾರಿ ಡ್ರೈವರ್. ಊಟಿಗೆ ಈರುಳ್ಳಿ ಒಯ್ದವನು ಬರುವಾಗ ಕ್ಯಾಬಿನ್ನಿನಲ್ಲಿ ಒಬ್ಬ ಹೆಂಡತಿಯನ್ನೂ, ಆಕೆಯ ತೊಡೆಯ ಮೇಲೆ ಎಣ್ಣೆ ಡಬ್ಬಿಯಲ್ಲಿ ನೆಟ್ಟ ಒಂದು ಗಿಡವನ್ನೂ ತಂದ. ಆಕೆಯ ತವರಿನ ಬೆಟ್ಟದಲ್ಲಿ ಕೆಂಪು ಹೂ ಬಿಡುವ ರೊಡೊಡೆಂಡ್ರಾನ್ ಅಂತೆ. ಊರಿಗೆಲ್ಲ ಅದು ಊಟಿ ಗಿಡ, ಆಕೆ ಊಟಿಯಾಕಿ. ನಾನು ಆಕೆಯನ್ನು ಏನೆಂದೂ ಕರೆಯುತ್ತಿರಲಿಲ್ಲ.

ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ. ಅದರ ಆಚೆಗೆ ಗಿಡ ನಿಂತಿತು. ಬೇಸಿಗೆ ಬರುತ್ತಲೇ ಎಲೆಯ ಅಂಚು ಕಂದಿ ಸುರುಟಿಕೊಂಡಿತು.

"ಹುಳ ಬಿದ್ದೈತಿ!" ಎಂದ ಮಾವ. ಹೊಗೆಸೊಪ್ಪಿನ ನೀರು ಹೊಡೆದ. ಸಾಬೂನು ನೀರು, ಬೇವಿನ ಬೀಜದ ಕಷಾಯ ಹೊಡೆದ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಹೊಡೆದ ದಿನವಂತೂ ಇಡೀ ಓಣಿ ಸೀನಿತು!

"ಹುಳ ಎಲ್ಲಿ ಅದಾವ ಮಾವ?" ಎಂದೆ.

"ಕಣ್ಣಿಗೆ ಕಾಣೋ ಹುಳ ಆದ್ರ ಯಾರ್ ಬೇಕಾದ್ರೂ ಹೊಡೀತಾರ್ಲೇ!"

ಮುಂದಿನ ಬೇಸಿಗೆಗೆ ಒಂದು ಎಲೆ ಹರಿದುಕೊಂಡು ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಗೆ ಹೊರಟ. ನಾನು ಅಲ್ಲೇ ಶಾಲೆಯಲ್ಲಿ ಟೀಚರ್ ಆಗಿದ್ದರಿಂದ ಒಂದೇ ಬಸ್ಸು; ಅವನ ಹಿಂದೆಯೇ ಅಂಗಡಿಗೂ ಹೋದೆ. ಅಂಗಡಿಯವನು ಭೂತಗನ್ನಡಿ ಹಿಡಿದು ಎಲೆಯನ್ನು ಹಿಂದೆಮುಂದೆ ನೋಡಿದ. "ಹುಳ ಇಲ್ರಿ ಯಜಮಾನ್ರ, ಬಿಸಲಿಗೆ ಬೆಂದೈತಿ. ತಂಪು ಸೀಮಿದು ಇಲ್ಲಿ ಬದುಕಂಗಿಲ್ರಿ."

ಮಾವ ಎಲೆ ಕಿತ್ತುಕೊಂಡ. "ಹುಳದ ಔಷಧಿ ಮಾರ್ತಾನ, ಹುಳ ಗುರ್ತ ಹಿಡಿಯಾಕ ಬರಂಗಿಲ್ಲ!"

ನನಗೆ ಆ ದಿನ ಆದ ಸಂತೋಷ ಮದುವೆಯಾಗಿದ್ದರೂ ಆಗುತ್ತಿರಲಿಲ್ಲ. ಸಂಜೆ ಗೋಡೆಯಾಚೆ ಆಕೆ ಶೇಂಗಾ ಸುಲಿಯುತ್ತ ಕೂತಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಅವ್ವನಿಗೆ ಗಟ್ಟಿಯಾಗಿ ವರದಿ ಒಪ್ಪಿಸಿದೆ: "ತಂಪು ಸೀಮಿದು ಇಲ್ಲಿ ಬದುಕಂಗಿಲ್ಲಂತ ಯವ್ವಾ!" ಆಕೆ ಶೇಂಗಾದ ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮಾವ ಬಂದು, "ಅಕ್ಕಾ, ಒಂದು ಸೀರಿ ಕೊಡು. ಗಿಡದ ಸುತ್ತ ಕಟ್ಟತೀನಿ, ಹುಳ ಬರದಂಗ" ಎಂದ. ಅವ್ವನಿಗೆ ಎಲ್ಲಿತ್ತೋ ಸಿಟ್ಟು, ಟ್ರಂಕು ತೆರೆದು ಆ ಇಳಕಲ್ ಸೀರೆಯನ್ನೇ ಅವನ ಮುಖಕ್ಕೆ ಎಸೆದಳು. "ಇದನ್ನೂ ಒಯ್ಯಪಾ!"

ಒಯ್ದ! ನನ್ನ ಧಾರೆ ಸೀರೆ ಉಟ್ಟುಕೊಂಡು ಆ ಗಿಡ ನನ್ನೆದುರಿಗೇ ನಿಂತಿತು. ನಗಬೇಕೋ ಅಳಬೇಕೋ, ನೀವೇ ಹೇಳಿ.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಿತ್ತಲಿನಲ್ಲಿ ಸದ್ದಾಯಿತು. ಇಣುಕಿದರೆ ಊಟಿಯಾಕಿ! ನಮ್ಮ ದಾಸವಾಳಕ್ಕೆ ಹತ್ತಿದ್ದ ಬಿಳಿ ಹಿಟ್ಟಿನಂಥ ಹುಳಗಳನ್ನು ಕಸಬರಿಗೆ ಕಡ್ಡಿಯಿಂದ ಬಿಡಿಸಿ ಎಲೆಯಲ್ಲಿ ಹಾಕಿಕೊಳ್ಳುತ್ತಿದ್ದಾಳೆ. ಗೋಡೆಯಾಚೆ ಬಗ್ಗಿ ಒಂದೊಂದನ್ನೇ ತನ್ನ ಗಿಡಕ್ಕೆ ಬಿಡುತ್ತಿದ್ದಾಳೆ.

"ಏನ್ ಮಾಡಾಕತ್ತೀಯ?" ಎಂದು ಗದರಿದೆ.

ಆಕೆ ಬೆಚ್ಚಿ, ಇಲ್ಲಿಗೆ ಬಂದಮೇಲೆ ಕಲಿತ ನಮ್ಮ ಮಾತಿನಲ್ಲೇ ಪಿಸುಗುಟ್ಟಿದಳು. "ಮೆಲ್ಲಕ ಮಾತಾಡವ್ವಾ. ಹುಳ ಕಾಣವಲ್ವು ಅಂತ ನಿಮ್ಮ ಮಾವಾರು ಸಪ್ಪಗಾಗ್ಯಾರ. ಹುಳ ಇಲ್ಲ ಅಂದ್ರ ಗಿಡ ಬಿಸಲಿಗೇ ಬೆಂದಂಗಾತು, ನನ್ನ ಇಲ್ಲಿಗೆ ಕರ್ಕೊಂಡ್ ಬಂದಿದ್ದ ತಪ್ಪು ಅಂತ ಮನಸಿಗೆ ಹಚ್ಚಿಕೊಂತಾರ. ಒಂದೆರಡು ಹುಳ ಇರ್ಲಿ ಬಿಡು."

ಆಕೆಯ ಕುತ್ತಿಗೆ, ಕೈಯೆಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು. ಎರಡು ವರ್ಷ ಒಂದೇ ಗೋಡೆಯ ಪಕ್ಕ ಇದ್ದೂ ನಾನದನ್ನು ನೋಡಿರಲಿಲ್ಲ. ನಾಚಿಕೆಯಾಯಿತು.

"ನಿನಗ ಈ ಬಿಸಲು ತಡೀತೈತೇನ್ ಅತ್ತಿ?"

"ಇಷ್ಟು ದಿನ ಯಾರೂ ಕೇಳಿರಲಿಲ್ಲ ನೋಡು" ಎಂದು ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಮಾವನ ಕೂಗು ಓಣಿಗೆಲ್ಲ ಕೇಳಿಸಿತು. "ಸಿಕ್ಕುವು! ಹುಳ ಸಿಕ್ಕುವು! ಬರ್ರೀ, ಎಲ್ಲಾರೂ ನೋಡ್ರಿ!"

ಮಾವನ ಔಷಧಿಗೆ ಆ ಹುಳಗಳು ಮೂರೇ ದಿನಕ್ಕೆ ಸತ್ತವು. ನಮ್ಮ ದಾಸವಾಳದಲ್ಲೂ ಮುಗಿದಿದ್ದವು. ನಾಲ್ಕನೆಯ ದಿನ ನಾನು ಶಾಲೆಯ ಬೇಲಿಯ ದಾಸವಾಳದಿಂದ ಬೆಂಕಿಪೊಟ್ಟಣದ ತುಂಬ ಹುಳ ಹಿಡಿದು ತಂದು, ಗೋಡೆಯ ಮೇಲಿಂದ ಅತ್ತೆಯ ಕೈಗೆ ಕೊಟ್ಟೆ.