ಆರಡಿ ಮಣ್ಣಿನ ಜಗಳ

ಮಣ್ಣನ್ನು ಮೂಸಿಯೇ ಅದರ ಜಾತಕ ಹೇಳುವವನು ರಾಜಾಜಿನಗರದಿಂದ ಕೆಂಗೇರಿವರೆಗೆ ನಾನೊಬ್ಬನೇ. ಹಳೇ ಕಾರ್ಖಾನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮೊದಲು ನೆಲದಲ್ಲಿ ವಿಷ ಎಷ್ಟಿದೆ ಅಂತ ನೋಡಿ ಸಹಿ ಹಾಕುವುದು ನನ್ನ ಉದ್ಯೋಗ. ಇಂಥ ಘನಂದಾರಿ ಮನುಷ್ಯನಿಗೂ ಜನ ಟೋಪಿ ಹಾಕಲು ನೋಡುತ್ತಲೇ ಇರುತ್ತಾರೆ. ಕಾಮಾಕ್ಷಿಪಾಳ್ಯದ ಒಬ್ಬ ಓನರ್ ಅಂತೂ ಒಂದೇ ಸೈಟಿನಲ್ಲಿ ಮೂರು ಸಲ ನೋಡಿದರು.

ಆರಿಸಿದ ಮಣ್ಣು

ನಲವತ್ತು ವರ್ಷ ನಲ್ಲಿಗಳಿಗೆ ಕ್ರೋಮ್ ಹೊಳಪು ಕೊಟ್ಟ ಕಾರ್ಖಾನೆ ಅದು. ತೊಟ್ಟಿ ತೊಳೆದ ಆಸಿಡ್ ನೀರನ್ನೆಲ್ಲ ನೆಲವೇ ಕುಡಿದಿದೆ. ನಾನು ಮಣ್ಣು ಕೊರೆಯುವ ಮೆಷಿನ್ ಸಮೇತ ಹೋದರೆ, ಓನರ್ ಮೇಜಿನ ಮೇಲೆ ಎಂಟು ಪ್ಲಾಸ್ಟಿಕ್ ಕವರ್ ಜೋಡಿಸಿಟ್ಟು ಕೂತಿದ್ದರು. ನಿಮಗ್ಯಾಕೆ ತೊಂದರೆ, ಚೆನ್ನಾಗಿರೋದನ್ನೇ ಆರಿಸಿ ಜರಡಿ ಹಿಡಿದಿದ್ದೀವಿ ಅಂದರು. ನಾನೇನು ತೊಗರಿಬೇಳೆ ಕೊಳ್ಳಲು ಬಂದವನೇ? ಒಂದು ಕವರ್ ಬಿಚ್ಚಿದೆ. ಘಮ್ಮೆನ್ನುವ ಕೆಮ್ಮಣ್ಣು. ಒಳಗಿಂದ ಎರೆಹುಳವೊಂದು ನಿಧಾನಕ್ಕೆ ತಲೆ ಎತ್ತಿತು. ನನಗೆ ಮೈಯೆಲ್ಲ ಉರಿಯಿತು.

"ಸಾರ್, ಈ ನೆಲದಲ್ಲಿ ಹುಲ್ಲೇ ಹುಟ್ಟಲ್ಲ. ಈ ಹುಳ ಯಾವ ನರ್ಸರಿಯಿಂದ ಬಂತು?"

ಓನರ್ ಚೂರೂ ಅಳುಕಲಿಲ್ಲ. "ನೋಡಿ ಮತ್ತೆ, ಎಷ್ಟು ಗಟ್ಟಿ ಹುಳ."

ಎಳನೀರಿನಂಥ ನೀರು

ಮರುದಿನ ಬೋರ್‌ವೆಲ್ ಪರೀಕ್ಷೆ. ನಮ್ಮ ನೀರು ಎಳನೀರಿದ್ದ ಹಾಗೆ ಅಂತ ಓನರ್ ಕೊಚ್ಚಿಕೊಂಡರು. ಬಕೆಟ್ಟಿಗೆ ಬಿದ್ದದ್ದು ನಿಂಬೆಹಣ್ಣಿನ ಬಣ್ಣದ ನೀರು. ಬಿಸಿಲಿಗೆ ಹಾಗೆ ಕಾಣುತ್ತೆ ಅಂದುಬಿಟ್ಟರು. ಅವರು ಸತ್ತರೂ ಮುಟ್ಟುವುದಿಲ್ಲ ಅಂತ ನನಗೆ ಗೊತ್ತು. ಲೋಟ ತುಂಬಿಸಿ, ಕೆಲಸಗಾರರೆಲ್ಲರ ಎದುರಿಗೇ ಅವರ ಮುಂದೆ ಹಿಡಿದು, ಒಂದು ಗುಟುಕು ಕುಡೀರಿ, ಈಗಲೇ ಸಹಿ ಹಾಕ್ತೀನಿ ಅಂದೆ.

"ಇವತ್ತು ಸಂಕಷ್ಟಿ ಸಾರ್. ಚಂದ್ರ ಕಾಣೋ ತನಕ ನೀರೂ ಮುಟ್ಟಲ್ಲ," ಅಂದರು, ದೋಸೆಯ ಕೊನೇ ತುಂಡನ್ನು ಚಟ್ನಿಗೆ ಅದ್ದುತ್ತಾ.

ಆ ಮೂಲೆ

ಲ್ಯಾಬ್ ವರದಿ ಬಂತು. ತೊಟ್ಟಿಗಳಿದ್ದ ಮೂಲೆಯಲ್ಲಿ ಆರಡಿ ಆಳದವರೆಗೂ ವಿಷ. ಅಪಾರ್ಟ್‌ಮೆಂಟಿನ ಪ್ಲಾನ್ ತೆಗೆದು ನೋಡಿದರೆ, ಮಕ್ಕಳ ಜಾರುಬಂಡೆ, ಉಯ್ಯಾಲೆ ಎಲ್ಲಾ ಅದೇ ಮೂಲೆಯಲ್ಲಿ. ಆರಡಿ ಮಣ್ಣನ್ನೂ ಅಗೆದು, ವಿಷದ ಕಸ ಹೂಳುವ ಜಾಗಕ್ಕೆ ಸಾಗಿಸದೆ ಸಹಿ ಇಲ್ಲ ಅಂದೆ.

"ನಲವತ್ತು ವರ್ಷ ಆ ಮೂಲೇಲೇ ನಿಂತಿದ್ದೀನಿ, ನನಗೇನಾಗಿದೆ? ಮೇಲೆ ಅರ್ಧ ಅಡಿ ಒಳ್ಳೇ ಮಣ್ಣು ಹರಡಿದ್ರೆ ಮುಗೀತು," ಅಂದರು ಓನರ್.

ಆಡುವುದು ಊರವರ ಮಕ್ಕಳು ತಾನೆ, ಅರ್ಧ ಅಡಿ ಸಾಕು! ಮೂರು ತಿಂಗಳು ಜಗಳವಾಡಿದೆ. ಕನ್ನಡದಲ್ಲಿ ಬೈದೆ, ಇಂಗ್ಲಿಷಿನಲ್ಲಿ ಬರೆದೆ. ನನ್ನ ಸಿಂಹಗರ್ಜನೆಗೆ ವಿಜಯನಗರದಲ್ಲಿ ಮಲಗಿದ್ದ ಕೂಸುಗಳು ಎದ್ದಿರಬೇಕು. ಓನರ್ ಮಾತ್ರ ಅಲ್ಲಾಡಲಿಲ್ಲ.

ಒಂದು ಬೆಳಗ್ಗೆ ಅವರದೇ ಫೋನ್. ದನಿ ಬೆಣ್ಣೆಯ ಹಾಗಿತ್ತು. ಆರಡಿ ಸಾಕಾ, ಹತ್ತಡಿ ತೆಗೆಸಿಬಿಡೋಣವಾ, ನಾಳೆಯೇ ಶುರು ಮಾಡೋಣವಾ ಅಂತ ಅವರೇ ಕೇಳುತ್ತಿದ್ದಾರೆ. ಗೆದ್ದೆ ಅಂತ ಎದೆಯುಬ್ಬಿಸಿ, ನನ್ನ ವರದಿಯ ಯಾವ ಪುಟ ನಿಮ್ಮ ಮನಸ್ಸು ಕರಗಿಸಿತು ಅಂತ ವಿಚಾರಿಸಿದೆ.

"ಅದನ್ನ ಯಾರು ಓದಿದ್ರು ಸಾರ್? ಆ ಮೂಲೆ ಪಕ್ಕದ ಫ್ಲ್ಯಾಟು ನಮ್ಮ ಮಗಳಿಗೇ ಬೇಕಂತೆ. ಮೊಮ್ಮಗ ಮಣ್ಣು ತಿಂತಾನೆ."